ಯಡ್ರಾಮಿ ಬಜಾರಿನಲ್ಲಿ ರೇನ್‌ಕೋಟ್ ಹುಡುಕುತ್ತ

ಆಷಾಢದ ಗಾಳಿ ಬೀಸತೊಡಗಿತೆಂದರೆ ಯಡ್ರಾಮಿ ಬಜಾರಿನ ಅಂಗಡಿಗಳ ಮುಂಭಾಗ ಬದಲಾಗುತ್ತದೆ. ಬೇಸಿಗೆಯಿಡೀ ಟೋಪಿ, ಟವೆಲ್ಲು ತೂಗುತ್ತಿದ್ದ ತಂತಿಗೆ ನೀಲಿ, ಕಪ್ಪು, ಹಸಿರು ರೇನ್‌ಕೋಟುಗಳು ಬಂದು ಜೋತುಬೀಳುತ್ತವೆ. ಬಟ್ಟೆ ಅಂಗಡಿಯವರು ಇಟ್ಟಿರುತ್ತಾರೆ, ಚಪ್ಪಲಿ ಅಂಗಡಿಯವರೂ ಇಟ್ಟಿರುತ್ತಾರೆ, ಬ್ಯಾಗು ಮಾರುವವರಲ್ಲೂ ಸಿಗುತ್ತವೆ. ಗೊಬ್ಬರ-ಬೀಜದ ಅಂಗಡಿಯ ಬಾಗಿಲಲ್ಲೂ ಒಂದೆರಡು ಕಾಣುತ್ತವೆ. ಪುಷ್ಯ ಮಳೆಯ ಜಡಿ ಹತ್ತಿದ ದಿನ ಬಸ್ ನಿಲ್ದಾಣದಿಂದ ಹೊರಟು ಈ ಬಜಾರನ್ನು ಉದ್ದಕ್ಕೂ ನಡೆದು, ಕಂಡ ಕಂಡ ಕೋಟುಗಳನ್ನು ಮುಟ್ಟಿ, ಒಳಮೈ ತಿರುವಿ, ತೊಟ್ಟು ನೋಡಿದೆ. ಕೊಳ್ಳಲು ಬಂದವರ ಜೊತೆ, ಮಾರುವವರ ಜೊತೆ ಮಾತಾಡಿದೆ.

ಯಡ್ರಾಮಿ ಜೇವರ್ಗಿಯಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಬಹುಕಾಲ ಜೇವರ್ಗಿ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಊರು, 2018ರಲ್ಲಿ ಕಮಲಾಪುರ, ಕಾಳಗಿ, ಶಹಾಬಾದಗಳ ಜೊತೆಗೆ ಕಲಬುರಗಿ ಜಿಲ್ಲೆಯ ಹೊಸ ತಾಲ್ಲೂಕಾಯಿತು. ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಇದೇ ಸೀಮೆಯದು. ಸುತ್ತ ಕಣ್ಣು ಹಾಯುವಷ್ಟೂ ಎರೆ ಹೊಲ. ತೊಗರಿ ಮತ್ತು ಹತ್ತಿ ಮುಖ್ಯ ಬೆಳೆ. ತಹಶೀಲ್ದಾರ್ ಕಚೇರಿ ಇಲ್ಲಿಗೇ ಬಂದ ಮೇಲೆ ಹಳ್ಳಿಯವರು ಕಾಗದಪತ್ರಕ್ಕೂ ಇಲ್ಲಿಗೇ ಬರುತ್ತಾರೆ, ಬೀಜ ಗೊಬ್ಬರಕ್ಕೂ ಇಲ್ಲಿಗೇ. ಬರುವುದು ಹೆಚ್ಚಾಗಿ ಬೈಕಿನ ಮೇಲೆ. ಬಜಾರಿನ ಎರಡೂ ಬದಿಗೆ ನಿಂತ ಬೈಕುಗಳ ಸಾಲು ನೋಡಿದರೆ ರೇನ್‌ಕೋಟಿನ ಗಿರಾಕಿ ಯಾರು ಎಂಬುದು ಹೇಳದೆಯೇ ತಿಳಿಯುತ್ತದೆ.

ಇಲ್ಲಿ ಬಹಳ ಜನ ಒಂದು ಮಾತು ಹೇಳುತ್ತಾರೆ. ನಮ್ಮ ಕಡೆ ಮಳೆಯೇ ಕಡಿಮೆ, ನಾಲ್ಕು ದಿನದ ಮಳೆಗೆ ರೊಕ್ಕ ಯಾಕೆ ಹಾಕಬೇಕು ಎಂದು. ಲೆಕ್ಕದಲ್ಲಿ ಅದು ಸುಳ್ಳಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಕಲಬುರಗಿ ಜಿಲ್ಲೆಯಲ್ಲಿ ಸರಾಸರಿ 700ರಿಂದ 800 ಮಿಲಿಮೀಟರಿನ ನಡುವೆ. ಆದರೆ ಮಲೆನಾಡಿನವನಿಗೆ ದಾರಿಯಲ್ಲಿ ಮರವಿದೆ, ಸೂರಿದೆ. ಯಡ್ರಾಮಿಯಿಂದ ಜೇವರ್ಗಿ ಕಡೆಗೋ ಶಹಾಪುರ, ಸಿಂದಗಿ ಕಡೆಗೋ ಹೊರಟವನಿಗೆ ಬಯಲಿನ ನಡುವೆ ಮಳೆ ಹಿಡಿದರೆ ನಿಲ್ಲಲು ಜಾಗವೇ ಇಲ್ಲ. ಬಯಲುಸೀಮೆಯ ಮಳೆ ಗಾಳಿಯನ್ನು ಜೊತೆಗೇ ತರುತ್ತದೆ, ನೆಟ್ಟಗೆ ಬೀಳದೆ ಓರೆಯಾಗಿ ಬಡಿಯುತ್ತದೆ. ಛತ್ರಿ ಆ ಗಾಳಿಗೆ ನಿಲ್ಲುವುದಿಲ್ಲ. ಮಳೆ ಕಡಿಮೆ ಎಂಬ ಕಾರಣಕ್ಕೆ ಇಲ್ಲಿ ಕೆಟ್ಟ ಕೋಟು ಮಾರಾಟವಾಗುತ್ತಿದೆ, ಜನ ತೊಯ್ಯುತ್ತಲೂ ಇದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ.

ಬಸ್ ನಿಲ್ದಾಣದ ಹತ್ತಿರದ ಮೊದಲ ಅಂಗಡಿಯಲ್ಲಿ ನಡುವಯಸ್ಸಿನ ಸಾವಕಾರರು ಬೋಣಿ ಮುಗಿಸಿ ಕೂತಿದ್ದರು. ವ್ಯಾಪಾರ ಹೇಗಿದೆ ಎಂದೆ.

"ಮಳಿ ಬಂದ ಮ್ಯಾಲೇ ಬರ್ತಾರ್ರಿ ಮಂದಿ. ತೊಯ್ಸಿಕೊಂಡು ಓಡಿ ಬಂದು, ಯಾವುದಾರ ಒಂದು ಕೊಡ್ರಿ ಅಂತಾರ. ಅಳತಿ ನೋಡಂಗಿಲ್ಲ, ಹೊಲಿಗಿ ನೋಡಂಗಿಲ್ಲ. ಮುಂದಿನ ವರ್ಷ ಮತ್ತ ಅದೇ ಮಂದಿ, ಹೊಸಾದು ಬೇಕು ಅಂತ."

ಅವರ ತಂತಿಯ ಮೇಲಿದ್ದ ಕೋಟುಗಳಲ್ಲಿ ಹೆಚ್ಚಿನವು ಪಿವಿಸಿ ಪ್ಲಾಸ್ಟಿಕ್ಕಿನವು. ಪೊಟ್ಟಣದಲ್ಲಿ ಮಡಚಿಟ್ಟ ತೆಳುವಾದದ್ದು ನೂರು ರೂಪಾಯಿಯ ಒಳಗೇ ಸಿಗುತ್ತದೆ. ಅದನ್ನು ಕೋಟು ಎಂದು ಲೆಕ್ಕ ಹಿಡಿಯುವುದೇ ಬೇಡ. ಜಾತ್ರೆಗೋ ಮೆರವಣಿಗೆಗೋ ಹೋದಾಗ ಒಂದು ಹೊತ್ತಿಗೆ ಆದೀತು. ಬೈಕಿನ ಮೇಲೆ ತೊಟ್ಟರೆ ಗಾಳಿಗೆ ಕಂಕುಳಲ್ಲೇ ಸೀಳುತ್ತದೆ. ಅದಕ್ಕಿಂತ ದಪ್ಪನಾದ ಪಿವಿಸಿ ಕೋಟು-ಪ್ಯಾಂಟಿನ ಜೋಡಿ ಕೆಲವು ನೂರು ರೂಪಾಯಿಗೆ ಬರುತ್ತದೆ. ಇದರ ಗುಣ ಒಂದು: ಬಟ್ಟೆಯೊಳಗಿಂದ ನೀರು ಇಳಿಯುವ ಪ್ರಶ್ನೆಯೇ ಇಲ್ಲ. ಒಳ್ಳೆಯ ಪಿವಿಸಿ ಕೋಟಿನ ಅಂಚುಗಳನ್ನು ದಾರದಲ್ಲಿ ಹೊಲಿದಿರುವುದಿಲ್ಲ, ಕಾಯಿಸಿ ಬೆಸೆದಿರುತ್ತಾರೆ. ಅಂಥದ್ದು ಸಿಕ್ಕರೆ ಸೂಜಿ ತೂತಿಲ್ಲ, ಸೋರಿಕೆಯಿಲ್ಲ. ದೋಷವೆಂದರೆ ನೀರು ಒಳಗೆ ಬಾರದ ಹಾಗೆ ಬೆವರು ಹೊರಗೂ ಹೋಗದು. ಕಲಬುರಗಿ ಸೀಮೆಯ ಮಳೆಗಾಲ ಚಳಿಗಾಲವಲ್ಲ. ಮಳೆ ಹೊಯ್ಯುವಾಗಲೂ ಸೆಖೆ ಇರುತ್ತದೆ. ಅರ್ಧ ತಾಸು ತೊಟ್ಟು ಬಂದವನು ಅಂಗಿ ಒದ್ದೆಯಾಗಿದ್ದು ನೋಡಿ ಕೋಟು ಸೋರಿತೆಂದು ಬೈಯುತ್ತಾನೆ. ಬಹಳ ಸಲ ಅದು ಮಳೆಯ ನೀರಲ್ಲ, ಅವನದೇ ಬೆವರು, ಪ್ಲಾಸ್ಟಿಕ್ಕಿನ ಒಳಮೈಗೆ ತಾಗಿ ಹನಿಗಟ್ಟಿದ್ದು. ಕುತ್ತಿಗೆಯ ಕೆಳಗೆ ಬೆನ್ನಿನ ಮೇಲೊಂದು ಮಡಿಕೆ, ಅದರಡಿ ಗಾಳಿಯಾಡಲು ಕಿಂಡಿ, ಒಳಗೆ ಜಾಳಿಗೆಯ ಅಸ್ತರು ಇರುವ ಕೋಟನ್ನೇ ಆರಿಸಬೇಕು. ಜಾಳಿಗೆ ಇದ್ದರೆ ಒದ್ದೆ ಪ್ಲಾಸ್ಟಿಕ್ಕು ಮೈಗೆ ಅಂಟುವುದಿಲ್ಲ.

ಮುಂದಿನ ಬಟ್ಟೆ ಅಂಗಡಿಯಲ್ಲಿ ಇನ್ನೂ ಒಳ್ಳೆಯ ಮಾಲಿತ್ತು. ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆ, ಅದರ ಒಳಮೈಗೆ ಪಿವಿಸಿ ಅಥವಾ ಪಿಯು (ಪಾಲಿಯುರಿಥೇನ್) ಲೇಪ. ಹೊರಗಿನಿಂದ ನೋಡಿದರೆ ಜಾಕೆಟ್ಟಿನ ಹಾಗೇ ಕಾಣುತ್ತದೆ, ಮಡಚಿದರೆ ಚಿಕ್ಕ ಚೀಲದೊಳಗೆ ಹೋಗುತ್ತದೆ. ಬೆಲೆ ಸಾವಿರದ ಆಚೀಚೆ. ಕಾಲೇಜಿಗೆ ಹೋಗುವ ಹುಡುಗನೊಬ್ಬ ಕಪ್ಪು ಬಣ್ಣದ್ದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ. ಭುಜಕ್ಕೆ, ಎದೆಗೆ ಸರಿಯಾಗಿ ಕೂತಿತ್ತು, ಚೆಂದ ಕಾಣುತ್ತಿದ್ದ. "ಕೈ ಮುಂದ ಚಾಚಿ ಬೈಕಿನ ಮ್ಯಾಲ ಕುಂತಂಗ ಕುಂದ್ರು ನೋಡೋಣು" ಎಂದು ಅವನ ಕಾಕಾ ಹೇಳಿದರು. ಹುಡುಗ ಸ್ಟೂಲಿನ ಮೇಲೆ ಕೂತು ಕೈ ಚಾಚಿದ. ತೋಳು ಮಣಿಕಟ್ಟಿನಿಂದ ಮೇಲಕ್ಕೆ ಸರಿಯಿತು, ಬೆನ್ನಿನ ಅಂಚು ಸೊಂಟ ಬಿಟ್ಟು ಮೇಲೇರಿತು, ಪ್ಯಾಂಟಿನ ಕಾಲು ಮೀನಖಂಡದ ತನಕ ಬಂತು. "ಒಂದು ಸೈಜ್ ದೊಡ್ಡದು ಕೊಡ್ರಿ" ಎಂದರು ಕಾಕಾ.

ಆ ಹಿರಿಯರು ಮಾಡಿದ್ದೇ ಸರಿಯಾದ ಪರೀಕ್ಷೆ. ರೇನ್‌ಕೋಟನ್ನು ಕನ್ನಡಿಯ ಮುಂದೆ ನಿಂತು ಆರಿಸಬಾರದು. ಮಳೆಯಲ್ಲಿ ನಮ್ಮ ಮೈ ಯಾವ ಭಂಗಿಯಲ್ಲಿ ಇರುತ್ತದೋ ಆ ಭಂಗಿಯಲ್ಲಿ ಆರಿಸಬೇಕು. ಬಜಾರಿನ ತುದಿ ಮುಟ್ಟುವ ಹೊತ್ತಿಗೆ ನನಗೆ ಇದೊಂದೇ ಮಾತು ಗಟ್ಟಿಯಾಗಿ ಮನಸ್ಸಿನಲ್ಲಿ ಉಳಿಯಿತು. ಬೈಕಿನವನು ಕೂತಿರುತ್ತಾನೆ, ಕಸ ತೆಗೆಯುವವಳು ಬಗ್ಗಿರುತ್ತಾಳೆ, ಶಾಲೆಯ ಮಗುವಿನ ಬೆನ್ನ ಮೇಲೆ ಚೀಲವಿರುತ್ತದೆ. ಒಂದೇ ಕೋಟು ಈ ಮೂವರಿಗೂ ಆಗುವುದಿಲ್ಲ.

ಬೈಕಿನವನ ಲೆಕ್ಕ ನೋಡಿ. ದೊಡ್ಡ ಮಳೆಹನಿ ನಿಶ್ಚಲ ಗಾಳಿಯಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ, ಅಂದರೆ ತಾಸಿಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಬೈಕು 50ರಲ್ಲಿ ಹೋಗುತ್ತಿದ್ದರೆ ಸವಾರನ ಪಾಲಿಗೆ ಮಳೆ ಮೇಲಿನಿಂದ ಬರುವುದಕ್ಕಿಂತ ಎದುರಿನಿಂದ ಬರುವುದೇ ಹೆಚ್ಚು. ಹಾಗಾಗಿ ಅವನ ತಲೆ ಮತ್ತು ಬೆನ್ನಿಗಿಂತ ಎದೆ, ಕುತ್ತಿಗೆ, ತೊಡೆ ಮೊದಲು ತೊಯ್ಯುತ್ತವೆ. ಎದೆಯ ಜಿಪ್ಪಿನ ಮೇಲೆ ಅಗಲವಾದ ಪಟ್ಟಿ ಬಂದು ಗುಂಡಿಯಿಂದಲೋ ವೆಲ್ಕ್ರೋದಿಂದಲೋ ಮುಚ್ಚಬೇಕು. ಬರಿ ಜಿಪ್ಪು ನೀರು ತಡೆಯದು. ಕಾಲರು ಗಂಟಲ ತನಕ ಏರಬೇಕು. ಕೋಟಿನ ಕೆಳ ಅಂಚು ಪ್ಯಾಂಟಿನ ಸೊಂಟದಿಂದ ಕನಿಷ್ಠ ಒಂದು ಗೇಣು ಕೆಳಗಿರಬೇಕು, ಅದೂ ಕೂತಾಗ. ತೋಳಿನ ತುದಿಯಲ್ಲಿ ಒಳಗೊಂದು ಎಲಾಸ್ಟಿಕ್ ಕಫ್ ಇದ್ದರೆ ಹ್ಯಾಂಡಲ್ ಹಿಡಿದ ಕೈಯಿಂದ ನೀರು ಮೊಣಕೈಗೆ ಹರಿಯುವುದಿಲ್ಲ. ಟೊಪ್ಪಿಗೆಯನ್ನು ಹೆಲ್ಮೆಟ್ಟಿನ ಮೇಲೆ ಎಳೆದುಕೊಳ್ಳುವವರನ್ನು ಈ ದಾರಿಯಲ್ಲಿ ಬಹಳ ಕಾಣುತ್ತೇವೆ. ಅದು ಬಲು ಅಪಾಯ, ಪಕ್ಕದ ಲಾರಿ ಕಾಣುವುದಿಲ್ಲ. ಟೊಪ್ಪಿಗೆ ತೆಳುವಾಗಿದ್ದರೆ ಹೆಲ್ಮೆಟ್ಟಿನ ಒಳಗೆ ಹಾಕಿಕೊಳ್ಳಿ, ದಪ್ಪವಾಗಿದ್ದರೆ ಬಿಚ್ಚಿ ತೆಗೆಯಲು ಬರುವಂಥದ್ದನ್ನು ಕೊಳ್ಳಿ.

ಇನ್ನು ಹೊಲಿಗೆ. ಬಟ್ಟೆಯ ಕೋಟಿನಲ್ಲಿ ಸೋರುವುದು ಬಟ್ಟೆಯಲ್ಲ, ಹೊಲಿಗೆ. ಸೂಜಿ ಹೋದ ಕಡೆಯೆಲ್ಲ ತೂತು. ಒಳ್ಳೆಯ ಕೋಟಿನ ಒಳಮೈಯಲ್ಲಿ ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ಹೊಳಪಿನ ಟೇಪನ್ನು ಕಾಯಿಸಿ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಕೋಟನ್ನು ಒಳಮೈ ಹೊರಗೆ ಮಾಡಿ, ಭುಜ, ಕಂಕುಳು, ಪ್ಯಾಂಟಿನ ತೊಡೆಸಂದಿ ಮೂರನ್ನೂ ನೋಡಿ. ಬಾಗಿಲ ಬೆಳಕಿಗೆ ಹಿಡಿದರೆ ಟೇಪಿಲ್ಲದ ಹೊಲಿಗೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಕು ಕಾಣುತ್ತದೆ. ನಾನು ನೋಡಿದ ಹಲವು ಕೋಟುಗಳಲ್ಲಿ ಭುಜಕ್ಕೆ ಟೇಪಿತ್ತು, ತೊಡೆಸಂದಿಗೆ ಇರಲಿಲ್ಲ. ಇದು ತಿರುಗಾಮುರುಗಾ ಕೆಲಸ. ಸೀಟಿನ ಮೇಲೆ ಹರಿದು ಬಂದ ನೀರು ನಿಲ್ಲುವುದೇ ಅಲ್ಲಿ, ಮೈಭಾರ ಒತ್ತುವುದೂ ಅಲ್ಲೇ.

ಈ ಒತ್ತುವ ಮಾತಿಗೆ ಒಂದು ಅಳತೆಯೂ ಇದೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಹನಿ ಒಳಗಿಳಿಯತೊಡಗುತ್ತದೆ ಎಂದು ನೋಡುತ್ತಾರೆ. ಆ ಎತ್ತರವನ್ನು ಮಿಲಿಮೀಟರಿನಲ್ಲಿ ಚೀಟಿಯ ಮೇಲೆ ಬರೆಯುತ್ತಾರೆ. 1,500 ಎಂದಿದ್ದರೆ ನಡೆದು ಹೋಗುವವನಿಗೆ, ಸಣ್ಣ ಮಳೆಗೆ ಸಾಕು. ಸೀಟಿನ ಮೇಲೆ ತಾಸುಗಟ್ಟಲೆ ಕೂತು ಹೋಗುವವನಿಗೆ 5,000ಕ್ಕೆ ಕಡಿಮೆಯಿಲ್ಲದ ಬಟ್ಟೆ ಬೇಕು. ಯಡ್ರಾಮಿಯಲ್ಲಿ ಸಿಗುವ ಎಷ್ಟೋ ಕೋಟುಗಳ ಮೇಲೆ ಈ ಅಂಕಿ ಇಲ್ಲವೇ ಇಲ್ಲ. ಇಲ್ಲದಿದ್ದರೆ ಸಾವಕಾರರನ್ನು ಕೇಳಿ, ತೋಳಿನ ಹೊಲಿಗೆಯ ಜಾಗವನ್ನು ಬೊಗಸೆಯ ಹಾಗೆ ಮಾಡಿ ಒಂದು ಲೋಟ ನೀರು ಹೊಯ್ದು ಐದು ನಿಮಿಷ ಹಿಡಿದು ನೋಡಬಹುದು. ಮಾಲು ಒಳ್ಳೆಯದೆಂಬ ನಂಬಿಕೆ ಇದ್ದವರು ಬೇಡ ಎನ್ನುವುದಿಲ್ಲ.

ದೊಡ್ಡ ಊರುಗಳಲ್ಲಿ ಗೋರ್‌ಟೆಕ್ಸ್ ಮಾದರಿಯ, ಉಸಿರಾಡುವ ಬಟ್ಟೆಯ ಕೋಟುಗಳು ಬಂದಿವೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಂಡುಹಿಡಿದ ಪೊರೆ ಅದು. ಅದರ ರಂಧ್ರಗಳಲ್ಲಿ ನೀರಿನ ಹನಿ ನುಗ್ಗದು, ಬೆವರಿನ ಆವಿ ಹೊರಟುಹೋಗುತ್ತದೆ. ಕಲಬುರಗಿಯಲ್ಲಿ ಓದುವ ಹುಡುಗರು ಅಂಥದ್ದನ್ನೇ ಕೊಳ್ಳಬೇಕೆಂದು ಆಸೆಪಡುವುದನ್ನು ಕೇಳಿದ್ದೇನೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಹವೆ ಒಳಗಿನದಕ್ಕಿಂತ ತಂಪಾಗಿ, ಒಣಗಿ ಇರಬೇಕು. ಚಳಿದೇಶದ ಬೆಟ್ಟ ಹತ್ತುವವರಿಗೆ ಅದು ಅನುಕೂಲ. ಶ್ರಾವಣದ ಸೆಖೆಯಲ್ಲಿ ಹೊರಗೂ ತೇವ, ಒಳಗೂ ತೇವ. ಅಷ್ಟು ದುಡ್ಡಿಗೆ ತಕ್ಕ ಫಲ ಇಲ್ಲಿ ಸಿಗುವುದಿಲ್ಲ. ಕಂಕುಳ ಕಿಂಡಿ, ಬೆನ್ನ ಕಿಂಡಿ, ಜಾಳಿಗೆಯ ಅಸ್ತರು ಇರುವ ಸಾದಾ ಕೋಟೇ ನಮ್ಮ ಸೀಮೆಗೆ ಮೇಲು.

ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಮಳೆ ನಿಲ್ಲಲೆಂದು ಕಾದು ಕೂತಿದ್ದ ಹೆಣ್ಣುಮಕ್ಕಳ ಗುಂಪೊಂದು ಸಿಕ್ಕಿತು. ತೊಗರಿ ಹೊಲದಲ್ಲಿ ಕಸ ತೆಗೆಯುವವರು. ಎಲ್ಲರ ತಲೆಯ ಮೇಲೂ ಗೊಬ್ಬರ ಚೀಲದ ಕೊಪ್ಪಿ. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಕೊಪ್ಪಿ ತಯಾರು. ಅವರಲ್ಲಿ ಹಿರಿಯಳನ್ನು, ಅವ್ವಾ, ರೇನ್‌ಕೋಟ್ ಯಾಕೆ ಹಾಕೋದಿಲ್ಲ ಎಂದು ಕೇಳಿದೆ.

"ತಮ್ಮಾ, ಬಗ್ಗಿ ಕಸ ತೆಗಿಯಾಗ ಮಳಿ ಬೆನ್ನಿಗಿ ಬಡಿತದ. ಆ ಕೋಟು ಮುಂದ ಗುಂಡಿ ಹಾಕ್ಕೋತದ, ಒಳಗ ಕುದ್ದಂಗ ಆಗ್ತದ. ಬಗ್ಗಿದ್ರ ಹಿಂದ ಮ್ಯಾಲೆ ಏರ್ತದ. ಅದು ನಮ್ಮ ಕೆಲಸಕ್ಕ ಬರಂಗಿಲ್ಲ."

ಇಷ್ಟು ಸ್ಪಷ್ಟವಾಗಿ ಯಾವ ಜಾಹೀರಾತೂ ಹೇಳಲಾರದು. ಬಗ್ಗಿ ಕೆಲಸ ಮಾಡುವವರಿಗೆ ಬೇಕಾದದ್ದು ತಲೆ ಮತ್ತು ಬೆನ್ನು ಪೂರಾ ಮುಚ್ಚುವ, ಮುಂದೆ ತೆರೆದಿರುವ, ಎರಡೂ ಕೈ ಸಡಿಲ ಬಿಡುವ ಹೊದಿಕೆ. ಕಂಬಳಿ ಕೊಪ್ಪಿ ಇದ್ದದ್ದೇ ಹಾಗೆ. ಹಾಲುಮತದವರು ದಖ್ಖನಿ ಕುರಿಯ ಉಣ್ಣೆ ನೂತು, ಕುಳಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕರಿಯ ಕಂಬಳಿ ಈ ನೆಲದ ಮೊದಲ ರೇನ್‌ಕೋಟು. ಒರಟು ಉಣ್ಣೆಯ ಮೇಲೆ ಬಿದ್ದ ಹನಿ ಬೇಗ ಒಳಗಿಳಿಯದೆ ಜಾರುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿಗೆ ಹತ್ತಿರದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ತುಸು ಬಿಸಿಯನ್ನೂ ಬಿಡುತ್ತದೆ. ಗಾಳಿಯಾಡುತ್ತದೆ, ಬೆವರು ಕಟ್ಟಿಕೊಳ್ಳುವುದಿಲ್ಲ. ರಾತ್ರಿ ಹಾಸಿಗೆ, ಹಗಲು ಹೊದಿಕೆ, ರಾಶಿಯ ಹೊತ್ತಿಗೆ ಕಣದಲ್ಲಿ ಕಾವಲಿಗೆ ಆಸರೆ. ಜಡಿಮಳೆಯಲ್ಲಿ ದಿನವಿಡೀ ತೊಯ್ದರೆ ಮಾತ್ರ ಹೊರಲಾರದಷ್ಟು ಭಾರವಾಗುತ್ತದೆ, ಒಣಗಲು ಬಿಸಿಲೇ ಬೇಕು. ಒಳ್ಳೆಯ ಕೈಮಗ್ಗದ ಕಂಬಳಿಯ ಬೆಲೆಯೂ ಏರಿದೆ. ಗೊಬ್ಬರ ಚೀಲ ಹಗುರ, ಬಿಟ್ಟಿ ಸಿಗುತ್ತದೆ, ಹೀಗಾಗಿ ಅದು ಗೆದ್ದಿತು. ಆದರೆ ಮೊಳಕಾಲಿನ ತನಕ ಅದು ಬರುವುದಿಲ್ಲ, ಗಾಳಿಗೆ ಹಾರುತ್ತದೆ, ಗೊಬ್ಬರದ ಪುಡಿ ತಲೆಗೂದಲಿಗೆ ಇಳಿಯುತ್ತದೆ.

ನನ್ನ ತೀರ್ಮಾನ ಇಷ್ಟು: ಹೊಲದವರಿಗೆ ಬಜಾರಿನ ಕೋಟು ಬೇಡ, ಟೊಪ್ಪಿಗೆಯಿರುವ ಪೊಂಚೊ ಬೇಕು, ಕೊಪ್ಪಿಯ ಆಕಾರವೇ ಅದಕ್ಕೂ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಗೆ ಕೊಡುವಂಥ ತಾಡಪತ್ರಿ ಹಳೆಯದಾದಾಗ ಅದರ ಗಟ್ಟಿ ಭಾಗವನ್ನು ಕತ್ತರಿಸಿ, ಬೆನ್ನು ಮೊಳಕಾಲಿನ ತನಕ ಬರುವ ಹಾಗೆ, ಗದ್ದದ ಕೆಳಗೆ ಒಂದು ಕಟ್ಟು ಇಟ್ಟು ಊರಿನ ದರ್ಜಿಯೇ ಹೊಲಿದುಕೊಡಬಹುದು. ತಲೆಯ ನಡುವೆ ಹೊಲಿಗೆ ಬಾರದ ಹಾಗೆ ಮಡಚಿದರೆ ಸೋರಿಕೆಯೂ ಇರದು. ಮಾಡಿ ಮಾರುವವರು ಯಾರಾದರೂ ಮುಂದೆ ಬಂದರೆ ಈ ಸೀಮೆಯ ಸಾವಿರಾರು ಹೆಣ್ಣುಮಕ್ಕಳ ಬೆನ್ನು ಒಣಗಿರುತ್ತದೆ. ಆ ಬೆನ್ನುಗಳೇ ಅಲ್ಲವೆ ತೊಗರಿಯನ್ನು ಬೆಳೆಸುವುದು? ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಕಸ ತೆಗೆಯುವವಳಿಗೆ ಇನ್ನೂ ಒಂದು ನೆಟ್ಟಗಿನ ಮಳೆ ಹೊದಿಕೆ ಸಿಕ್ಕಿಲ್ಲ.

ಪೊಂಚೊ ಹೊಲಕ್ಕೆ ಎಷ್ಟು ಒಳ್ಳೆಯದೋ ಬೈಕಿಗೆ ಅಷ್ಟೇ ಕೆಟ್ಟದ್ದು. ಅದರ ಅಂಚು ಗಾಳಿಗೆ ಹಾರಿ ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಜೀವಕ್ಕೇ ಮುಳುವು. ಹಿಂದೆ ಕೂತ ಹೆಣ್ಣುಮಕ್ಕಳ ಸೀರೆಯ ಸೆರಗಿನ ವಿಷಯವೂ ಇದೇ. ಹಿಂಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಹಳೆಯ ಬೈಕುಗಳಲ್ಲಿ ಆ ಜಾಳಿಗೆ ಮುರಿದು ಬಿದ್ದು ಎಷ್ಟೋ ಕಾಲವಾಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಹಾಕಿಸಿ.

ಸೀರೆಯುಟ್ಟು ಸ್ಕೂಟಿ ಓಡಿಸುವ ಶಿಕ್ಷಕಿಯರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಈ ಊರಿನಲ್ಲಿ ಈಗ ಕಡಿಮೆಯಿಲ್ಲ. ಅವರಿಗೆ ಕೋಟು-ಪ್ಯಾಂಟಿನ ಜೋಡಿ ಆಗುವುದಿಲ್ಲ, ಸೀರೆಯ ಮೇಲೆ ಪ್ಯಾಂಟು ಏರಿಸುವುದು ಹೇಗೆ? ಮೊಳಕಾಲಿನ ಕೆಳಗೆ ಬರುವ ಫ್ರಾಕಿನಂಥ ಉದ್ದ ಕೋಟು ಸರಿ. ಸ್ಕೂಟಿಯ ಮುಂದಿನ ತಗಡು ಕಾಲಿಗೆ ಬಡಿಯುವ ಮಳೆಯನ್ನು ಅರ್ಧ ತಡೆಯುತ್ತದೆ. ಕೆಳಗಿನ ಎರಡು ಗುಂಡಿ ಕೂತಾಗ ಬಿಚ್ಚಿಕೊಳ್ಳದ ಹಾಗೆ ಸುತ್ತಳತೆ ಸಾಕಷ್ಟು ಇದೆಯೇ ಎಂದು ಕೂತೇ ನೋಡಬೇಕು. ಒಬ್ಬ ಶಿಕ್ಷಕಿ ಹೇಳಿದ್ದು ನ್ಯಾಯವಾದ ದೂರು. "ಲೇಡೀಸ್ ಅಂದ್ರ ಬರೇ ಗುಲಾಬಿ ಬಣ್ಣ ತರ್ತಾರ್ರಿ, ಅದೂ ತೆಳ್ಳಂದು. ಗಂಡಸ್ರಿಗಿ ದಪ್ಪಂದು, ನಮಗ ತೆಳ್ಳಂದು ಯಾಕ?" ಅವರು ಗಂಡಸರ ಅಳತೆಯಲ್ಲೇ ಒಂದು ಉದ್ದ ಕೋಟು ಆರಿಸಿಕೊಂಡು ಹೋದರು. ಸರಿಯಾದ ಆಯ್ಕೆ.

ಮಕ್ಕಳದು ಬೇಗ ಹೇಳಿಬಿಡುತ್ತೇನೆ. ಬೆನ್ನಿನ ಮೇಲೆ ಪುಸ್ತಕದ ಚೀಲಕ್ಕೆಂದು ಮಡಿಕೆ ಬಿಚ್ಚಿಕೊಳ್ಳುವ ಕೋಟು ಸಿಗುತ್ತದೆ, ಅದನ್ನೇ ಕೊಡಿಸಿ. ಕುತ್ತಿಗೆಯ ಹತ್ತಿರ ಎಳೆದು ಕಟ್ಟುವ ದಾರ ಬೇಡ, ಬಸ್ಸಿನ ಬಾಗಿಲಿಗೋ ಆಟದ ಜಾರುಬಂಡೆಗೋ ಸಿಕ್ಕಿಕೊಳ್ಳುತ್ತದೆ, ಗುಂಡಿಯದ್ದು ಕೊಳ್ಳಿ. ಮೂಗಿಗೆ ಹೊಡೆಯುವ ಘಾಟು ಪ್ಲಾಸ್ಟಿಕ್ ವಾಸನೆ ಇರುವುದನ್ನು ಮಗುವಿನ ಮೈಗೆ ಹಾಕಬೇಡಿ.

ಚೆಂದದ ಮಾತಿಗೆ ಬರೋಣ. ಮಳೆಯ ಕೋಟಿಗೆ ಚೆಂದ ಯಾಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೊಟ್ಟರೆ ಮೈಗೆ ಒಪ್ಪುವ ಕೋಟನ್ನು ಜನ ಬೈಕಿನ ಡಿಕ್ಕಿಯಲ್ಲಿ ಮರೆಯದೆ ಇಟ್ಟುಕೊಳ್ಳುತ್ತಾರೆ. ಮುದುಡಿದ ಚೀಲದಂಥದ್ದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಚೆಂದ ಬರುವುದು ಭುಜದ ಹೊಲಿಗೆ ಭುಜದ ಮೇಲೇ ಕೂತಾಗ, ಸೊಂಟಕ್ಕೆ ಬಿಗಿಮಾಡುವ ಪಟ್ಟಿ ಇದ್ದಾಗ, ಪ್ಯಾಂಟಿನ ಕಾಲು ಪಾದದ ಹತ್ತಿರ ವೆಲ್ಕ್ರೋದಿಂದ ಬಿಗಿಯಾದಾಗ. ಇವೇ ನೀರನ್ನೂ ತಡೆಯುವುದರಿಂದ ಚೆಂದಕ್ಕೆ ಬೇರೆ ಖರ್ಚಿಲ್ಲ.

ಬಣ್ಣದ ವಿಚಾರದಲ್ಲಿ ಮಾತ್ರ ನಾನು ಹಟ ಹಿಡಿದು ಹೇಳುತ್ತೇನೆ. ತಂತಿಯ ಮೇಲೆ ತೂಗುವುದರಲ್ಲಿ ಕಪ್ಪು, ಕಡುನೀಲಿ ಹೆಚ್ಚು. ರಾಡಿ ಹಾರಿದರೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಆದರೆ ಸಂಜೆ ಆರರ ಮೋಡದಲ್ಲಿ, ದೀಪವಿಲ್ಲದ ರಸ್ತೆಯಲ್ಲಿ ಕಪ್ಪು ಕೋಟಿನವನು ಹಿಂದಿನ ಟ್ರ್ಯಾಕ್ಟರಿನವನಿಗೆ ಕಾಣುವುದಾದರೂ ಹೇಗೆ? ಹಳದಿ, ಕಿತ್ತಳೆ, ಗಿಣಿಹಸಿರು ದೂರದಿಂದ ಕಾಣುತ್ತವೆ. ಅಷ್ಟು ಗಾಢ ಬಣ್ಣ ಬೇಡವೆನಿಸಿದರೆ ಬೆನ್ನಿಗೆ, ತೋಳಿಗೆ ಬೆಳಕು ಮರಳಿಸುವ ಬೆಳ್ಳಿ ಪಟ್ಟಿ ಇರುವುದನ್ನೇ ಕೊಳ್ಳಬೇಕು. ಪಟ್ಟಿ ನಿಜವಾದದ್ದೋ ಬರಿ ಬಿಳಿ ಬಣ್ಣವೋ ಎಂದು ತಿಳಿಯಲು ಮೊಬೈಲಿನ ಟಾರ್ಚನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ನೋಡಿ. ನಿಜವಾದದ್ದು ಥಟ್ಟನೆ ಹೊಳೆಯುತ್ತದೆ.

ಬಜಾರಿನ ಇನ್ನೊಂದು ಬದಿಗೆ ಜಿಪ್ಪು ಹಾಕುವ, ಬ್ಯಾಗು ಹೊಲಿಯುವ ಕುಶಲಕರ್ಮಿಯೊಬ್ಬರು ಕೂತಿರುತ್ತಾರೆ. ಅವರ ಮುಂದೆ ರೇನ್‌ಕೋಟುಗಳ ರಾಶಿ. ಬಂದವುಗಳಲ್ಲಿ ಹೆಚ್ಚಿನವು ಹರಿದವಲ್ಲ, ಅಂಟಿಕೊಂಡವು. ಅಕ್ಟೋಬರಿನಲ್ಲಿ ಒದ್ದೆಯಾಗಿಯೇ ಮಡಚಿ ಪತ್ರಾಸಿನ ಕೆಳಗೆ ತುಂಬಿಟ್ಟು, ಮೇ ತಿಂಗಳ 43-44 ಡಿಗ್ರಿ ಬಿಸಿಲು ಕಾಣಿಸಿ, ಜೂನಿನಲ್ಲಿ ತೆಗೆದರೆ ಪ್ಲಾಸ್ಟಿಕ್ಕಿನ ಮಡಿಕೆಗಳು ಒಂದಕ್ಕೊಂದು ಹತ್ತಿಕೊಂಡಿರುತ್ತವೆ; ಬಟ್ಟೆಯ ಕೋಟಾದರೆ ಒಳಲೇಪ ಹೊಪ್ಪಳೆಯೆದ್ದು ಉದುರುತ್ತದೆ. ಇದು ರೇನ್‌ಕೋಟಿನ ಹುಟ್ಟಿನಿಂದಲೂ ಬಂದ ಪೀಡೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರು ಹಚ್ಚಿ ಮಾಡಿದ ಮೊದಲ ಕೋಟುಗಳೂ ಚಳಿಗೆ ಸೆಟೆದು ಬಿಸಿಲಿಗೆ ಅಂಟುತ್ತಿದ್ದವು. 1840ರ ದಶಕದಲ್ಲಿ ರಬ್ಬರನ್ನು ಗಂಧಕದೊಂದಿಗೆ ಕಾಯಿಸುವ ವಿದ್ಯೆ ಬಂದ ಮೇಲೆಯೇ ಅದು ಹತೋಟಿಗೆ ಬಂತು. ನಮ್ಮ ದೇಶದಲ್ಲಿ ಸ್ವದೇಶಿ ಹುಮ್ಮಸ್ಸಿನ ಸುರೇಂದ್ರ ಮೋಹನ್ ಬೋಸ್ 1920ರಲ್ಲಿ ಬಂಗಾಳದಲ್ಲಿ ಕಟ್ಟಿದ ಬೆಂಗಾಲ್ ವಾಟರ್‌ಪ್ರೂಫ್ ಕಾರ್ಖಾನೆಯ ಡಕ್‌ಬ್ಯಾಕ್ ಕೋಟುಗಳು ತಲೆಮಾರುಗಳ ಕಾಲ ಮನೆಮಾತಾಗಿದ್ದವು. ಆ ದಪ್ಪ ರಬ್ಬರ್ ಕೋಟಿನ ಕಾಲದ ಹಿರಿಯರು ಅದನ್ನು ಎಂದೂ ಮಡಚುತ್ತಿರಲಿಲ್ಲ, ಗೂಟಕ್ಕೆ ತೂಗುಹಾಕುತ್ತಿದ್ದರು. ಇವತ್ತಿಗೂ ಅದೇ ಪದ್ಧತಿ ಸರಿ. ನೆರಳಲ್ಲಿ ಪೂರ್ತಿ ಒಣಗಿಸಿ, ತುಸು ಪೌಡರ್ ಉದುರಿಸಿ, ಹ್ಯಾಂಗರಿಗೆ ಹಾಕಿ, ಗೋಡೆಯ ತಂಪು ಬದಿಗೆ ತೂಗುಹಾಕಿ. ಇಸ್ತ್ರಿ ಮುಟ್ಟಿಸಬೇಡಿ. ತೂತು ಬಿದ್ದರೆ ಹೊಲಿಸಬೇಡಿ, ಸೂಜಿ ಇನ್ನಷ್ಟು ತೂತು ಮಾಡುತ್ತದೆ. ಅಂಥದೇ ತುಂಡನ್ನು ಒಳಗಿನಿಂದ ಗಮ್ಮು ಹಾಕಿ ಅಂಟಿಸಬೇಕು.

ಶ್ರಾವಣ ಮುಗಿಯಿತೆಂದು ಕೋಟನ್ನು ಮೇಲಿಡುವ ಆತುರವೂ ಬೇಡ. ಈ ಜಿಲ್ಲೆಗೆ ಹೆಚ್ಚು ಮಳೆ ಬರುವುದೇ ಸೆಪ್ಟೆಂಬರಿನಲ್ಲಿ. 2020ರಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದ್ದು ಅಕ್ಟೋಬರಿನಲ್ಲಿ, ಹಸ್ತ-ಚಿತ್ತಿ ಮಳೆಯ ಹೊತ್ತಿಗೆ.

ಹತ್ತಿಗೋ ತೊಗರಿಗೋ ಔಷಧ ಹೊಡೆಯುವಾಗ ರೇನ್‌ಕೋಟ್ ತೊಡುವವರಿಗೆ ಒಂದು ಮಾತು. ತೊಡುವುದು ಒಳ್ಳೆಯದೇ, ಆದರೆ ಆ ಕೋಟನ್ನು ಬೇರೆಯೇ ಇಡಿ. ಅದನ್ನೇ ತೊಟ್ಟು ಮಗುವನ್ನು ಶಾಲೆಗೆ ಬಿಡಲು ಹೋಗಬೇಡಿ, ಮನೆಯ ಬಟ್ಟೆಯ ಜೊತೆ ತೊಳೆಯಬೇಡಿ. ಸಿಡಿಲಿಗೂ ಕೋಟಿಗೂ ಸಂಬಂಧವಿಲ್ಲ ಎಂಬುದೂ ತಿಳಿದಿರಲಿ. ರಬ್ಬರು, ಪ್ಲಾಸ್ಟಿಕ್ ತೊಟ್ಟರೆ ಸಿಡಿಲು ತಾಗದೆಂದು ನಂಬಿ ಹೊಲದಲ್ಲಿ ನಿಲ್ಲುವವರಿದ್ದಾರೆ; ಅದು ಪೂರಾ ತಪ್ಪು. ಗುಡುಗು ಕೇಳಿದೊಡನೆ ಗಟ್ಟಿ ಮನೆಯೊಳಗೆ ಹೋಗಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ಮನೆಯಲ್ಲಿ ಒಬ್ಬರ ಮೊಬೈಲಿನಲ್ಲಾದರೂ ಇರಲಿ. ಹಳ್ಳ ಬಂದು ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟು ಒಳ್ಳೆಯ ಕೋಟಿದ್ದರೂ ಈಚೆ ಬದಿಯಲ್ಲೇ ನಿಲ್ಲಬೇಕು.

ಯಡ್ರಾಮಿಯ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ: ಒಂದು ಸ್ಟೂಲು ಇಡಿ, ಗಿರಾಕಿ ಕೂತು, ಬಗ್ಗಿ ನೋಡಲಿ, ಹಳದಿ-ಕಿತ್ತಳೆ ಬಣ್ಣದ್ದನ್ನೂ, ಹೆಣ್ಣುಮಕ್ಕಳಿಗೆ ದಪ್ಪ ಬಟ್ಟೆಯದ್ದನ್ನೂ ತರಿಸಿ. ಕೊಳ್ಳುವವರಿಗೆ ಹೇಳುವುದು ಇಷ್ಟೆ: ದಿನವೂ ಬೈಕು ಓಡಿಸುವವರು ಟೇಪು ಹಾಕಿದ ಪಾಲಿಯೆಸ್ಟರ್ ಜೋಡಿಗೆ ಸಾವಿರ, ಸಾವಿರದೈನೂರು ಹಾಕಿ, ಚೆನ್ನಾಗಿ ಇಟ್ಟುಕೊಂಡರೆ ಮೂರು-ನಾಲ್ಕು ಮಳೆಗಾಲ ಬರುತ್ತದೆ. ಅಷ್ಟು ಆಗದವರು ಬೆಸುಗೆಯ ಅಂಚಿನ ದಪ್ಪ ಪಿವಿಸಿ ಕೊಳ್ಳಿ, ಬೆನ್ನಿಗೆ ಒಂದು ಬೆಳ್ಳಿ ಪಟ್ಟಿ ಅಂಟಿಸಿಕೊಳ್ಳಿ. ಮೃಗಶಿರಾ ಮಳೆ ಕೂಡುವುದು ಜೂನ್ 7-8ರ ಸುಮಾರಿಗೆ. ರೋಹಿಣಿ ಇರುವಾಗಲೇ, ಅಂಗಡಿಯಲ್ಲಿ ಎಲ್ಲ ಅಳತೆಯೂ ಇರುವಾಗಲೇ, ಮೈ ಒಣಗಿರುವಾಗಲೇ ಹೋಗಿ ಕೋಟು ಆರಿಸಿಕೊಳ್ಳಿ.